ಗಾಳಿ ಕೈಯಲ್ಲಿ ಮೊರ: ಜೈಸಲ್ಮೇರ್ ಕಡೆ ಐದು ದಿನ

ಸೈಟ್ ಎಂಜಿನಿಯರ್‌ಗೆ ಮರಳು ಅಂದರೆ ಲೋಡು, ಬಿಲ್ಲು, ಜಗಳ. ಲಾರಿ ಬಂದ ತಕ್ಷಣ ಒಂದು ಹಿಡಿ ತೆಗೆದು ಅಂಗೈಯಲ್ಲಿ ಉಜ್ಜಿ, "ಮಣ್ಣು ಜಾಸ್ತಿ ಇದೆ, ವಾಪಸ್ ತಗೊಂಡು ಹೋಗಿ" ಅನ್ನುವುದು ಹದಿನೆಂಟು ವರ್ಷದಿಂದ ನನ್ನ ಕೆಲಸ. ಅಂಥವನು ರಜೆ ಹಾಕಿ, ದುಡ್ಡು ಕೊಟ್ಟು ಮರಳು ನೋಡೋಕೆ ಹೊರಟಾಗ ಸೈಟಿನಲ್ಲಿ ಎಲ್ಲರೂ ನಕ್ಕರು.

ನಿಜ ಹೇಳಬೇಕೆಂದರೆ ಆಸೆ ನನ್ನದಲ್ಲ, ಅವ್ವನದು. ಸಾಯೋದರೊಳಗೆ ಒಂಟೆಗಳನ್ನು ಅವುಗಳ ಊರಲ್ಲೇ ನೋಡಬೇಕು ಅಂತ ಹಟ ಹಿಡಿದಿದ್ದಳು. ಅಕ್ಕನ ಮಗನಿಗೆ ಪಿಯುಸಿ ಪರೀಕ್ಷೆ ಮುಗಿದಿತ್ತು, ಅವನೂ ಸೇರಿಕೊಂಡ. ಮಾರ್ಚ್ ಕೊನೆಯ ವಾರ. ಆ ಹೊತ್ತಿಗೆ ರಾಜಸ್ಥಾನದಲ್ಲಿ ಸೀಸನ್ ಮುಗಿಯುತ್ತಾ ಬಂದಿರುತ್ತದೆ. ರೂಮಿನ ಬಾಡಿಗೆ ಇಳಿದಿರುತ್ತದೆ, ಬಿಸಿಲು ಏರಿರುತ್ತದೆ. ಮತ್ತೆ ಗಾಳಿ ಎದ್ದಿರುತ್ತದೆ. ಈ ಕೊನೆಯದನ್ನು ನಮಗೆ ಯಾರೂ ಹೇಳಿರಲಿಲ್ಲ.

ಮೊದಲನೇ ದಿನ: ಜೋಧಪುರದಿಂದ ಜೈಸಲ್ಮೇರ್

ಹುಬ್ಬಳ್ಳಿಯಲ್ಲಿ ಹತ್ತಿದ ರೈಲು ಜೋಧಪುರದಲ್ಲಿ ಇಳಿಸಿತು. ಅಲ್ಲಿಂದ ಜೈಸಲ್ಮೇರ್‌ಗೆ ಸುಮಾರು 280 ಕಿ.ಮೀ. ಒಂದು ಬಾಡಿಗೆ ಕಾರು ಹಿಡಿದೆವು. ಹೊರಡುವ ಮೊದಲು ಮಿರ್ಚಿ ವಡಾ ತಿಂದೆವು. ದಪ್ಪ ಮೆಣಸಿನಕಾಯಿ ಸೀಳಿ, ಒಳಗೆ ಆಲೂಗಡ್ಡೆ ಪಲ್ಯ ತುಂಬಿ, ಕಡಲೆಹಿಟ್ಟಲ್ಲಿ ಅದ್ದಿ ಕರಿದದ್ದು. ಅವ್ವ ಒಂದು ಕಚ್ಚಿ, "ನಮ್ಮ ದಾವಣಗೆರೆ ಮೆಣಸಿನಕಾಯಿಗೆ ಹೊಟ್ಟೆ ಬಂದೈತೆ" ಅಂದಳು. ಎರಡು ತಿಂದಳು.

ರಸ್ತೆ ಚೆನ್ನಾಗಿದೆ, ನೇರ ಇದೆ, ನಿದ್ದೆ ಬರಿಸುತ್ತದೆ. ಹೊಲದ ನಡುವೆ ಅಲ್ಲೊಂದು ಇಲ್ಲೊಂದು ಗಂಟುಗಂಟಾದ ಮರ. ಡ್ರೈವರ್ ಅದನ್ನು ಖೇಜಡಿ ಅಂದ. ಅವ್ವ ಕಾರು ನಿಲ್ಲಿಸಿ ಎಲೆ ಮುಟ್ಟಿ ನೋಡಿದಳು. "ಏ, ಇದು ಬನ್ನಿ ಮರ ಕಣೋ!" ಹೌದು, ನಾವು ದಸರೆಗೆ ಬಂಗಾರ ಅಂತ ಹಂಚುವ ಅದೇ ಬನ್ನಿ. ಇದರ ಎಳೆಕಾಯಿ ಒಣಗಿಸಿದರೆ ಸಾಂಗ್ರಿ. ಕೇರ್ ಅನ್ನೋ ಮುಳ್ಳುಗಿಡದ ಕಾಯಿ ಜೊತೆ ಬೇಯಿಸಿದರೆ ಅಲ್ಲಿನ ಹೆಸರಾಂತ ಕೇರ್-ಸಾಂಗ್ರಿ ಪಲ್ಯ. ಊರಿನ ದೇವರ ಮರವನ್ನು ಇವರು ತಟ್ಟೆಗೆ ಹಾಕಿಕೊಳ್ಳುತ್ತಾರೆ ಅಂತ ಅವ್ವನಿಗೆ ಮೊದಲು ಕಸಿವಿಸಿ. ಮಧ್ಯಾಹ್ನ ಪೋಖ್ರಣ್ ಹತ್ತಿರದ ಧಾಬಾದಲ್ಲಿ ಅದನ್ನೇ ಎರಡು ಸಲ ಹಾಕಿಸಿಕೊಂಡಳು. ಜೊತೆಗೆ ಸಜ್ಜೆ ರೊಟ್ಟಿ, ಬೆಳ್ಳುಳ್ಳಿ ಚಟ್ನಿ, ಲೋಟದ ತುಂಬ ಮಜ್ಜಿಗೆ. ರೊಟ್ಟಿ ನಮ್ಮದಕ್ಕಿಂತ ದಪ್ಪ, ಮೇಲೆ ತುಪ್ಪದ ಮಡು.

ಜೈಸಲ್ಮೇರ್ ಹತ್ತಿರ ಬಂದಾಗ ಗಾಳಿಯಂತ್ರಗಳು ಶುರುವಾದವು. ಚಿತ್ರದುರ್ಗದ ಜೋಗಿಮಟ್ಟಿ ನೋಡಿ ಬೆಳೆದ ನಮಗೆ ಅವು ಹೊಸದಲ್ಲ. ಆದರೆ ಇಲ್ಲಿ ಕಣ್ಣು ಹಾಯುವವರೆಗೂ ಅವೇ. ನಿಂತದ್ದು ಒಂದೂ ಇರಲಿಲ್ಲ. ಹುಡುಗ ಎಣಿಸೋಕೆ ಶುರು ಮಾಡಿ 60ಕ್ಕೆ ಬಿಟ್ಟ. ಆಗಲೇ ನಾನು ಯೋಚಿಸಬೇಕಿತ್ತು.

ಎರಡನೇ ದಿನ: ಕೋಟೆ, ಆಮೇಲೆ ಸಮ್

ಕೋಟೆಯ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. 1156ರಲ್ಲಿ ರಾವಲ್ ಜೈಸಲ್ ಕಟ್ಟಿಸಿದ್ದು, ಇಂದಿಗೂ ಒಳಗೆ ಜನ ವಾಸ ಇದ್ದಾರೆ, ಹಳದಿ ಕಲ್ಲು ಸಂಜೆ ಬಿಸಿಲಿಗೆ ಬೆಲ್ಲದ ಬಣ್ಣಕ್ಕೆ ತಿರುಗುತ್ತದೆ. ಬೆಳಗ್ಗೆ ಎಂಟರೊಳಗೆ ಹೋದರೆ ಓಣಿಗಳಲ್ಲಿ ಹಸು ಬಿಟ್ಟರೆ ಯಾರೂ ಇರುವುದಿಲ್ಲ. ಅವ್ವ ಒಂದು ಅಂಗಡಿಯಲ್ಲಿ ಲಹರಿಯಾ ಸೀರೆ ಕೊಂಡಳು. ಓರೆ ಓರೆ ಅಲೆಯ ಪಟ್ಟಿ ಇರುವ ಸೀರೆ. ಆ ಸೀರೆಯ ಮಾತು ಮುಂದೆ ಬರುತ್ತೆ.

ಮಧ್ಯಾಹ್ನ ಸಮ್ ಕಡೆಗೆ ಹೊರಟೆವು. ಪಟ್ಟಣದಿಂದ ಪಶ್ಚಿಮಕ್ಕೆ 40 ಕಿ.ಮೀ. ದಾರಿಯಲ್ಲಿ ಮರುಭೂಮಿ ರಾಷ್ಟ್ರೀಯ ಉದ್ಯಾನದ ಬೋರ್ಡಿನಲ್ಲಿ ದೊಡ್ಡ ಹಕ್ಕಿಯೊಂದರ ಚಿತ್ರ. ಇವರು ಗೋಡಾವಣ್ ಅನ್ನುತ್ತಾರೆ, ರಾಜಸ್ಥಾನದ ರಾಜ್ಯಪಕ್ಷಿ. ನಮ್ಮ ಬಳ್ಳಾರಿಯ ಸಿರುಗುಪ್ಪ ಕಡೆ ಬೆರಳೆಣಿಕೆಯಷ್ಟು ಉಳಿದಿರುವ ಎರೆಲಡ್ಡು ಹಕ್ಕಿ ಇದೇ. ನಮಗೆ ಕಂಡದ್ದು ಬೋರ್ಡು ಮಾತ್ರ.

ಸಮ್ ನನಗೆ ಹಿಡಿಸಲಿಲ್ಲ, ಅದನ್ನು ಮುಚ್ಚಿಡುವುದೇಕೆ. ಸಾಲು ಸಾಲು ಟೆಂಟು, ಜೀಪಿನ ಸದ್ದು, ಸ್ಪೀಕರು, ಕೂತ ಕಡೆಯೆಲ್ಲ "ಒಂಟೆ ಬೇಕಾ ಸಾಬ್". ದಿಬ್ಬದ ಮೈ ತುಂಬ ಚಕ್ರದ ಗುರುತು, ಹೆಜ್ಜೆ, ಚಿಪ್ಸ್ ಪೊಟ್ಟಣ. ಫೋಟೊಗಳಲ್ಲಿ ಇರುತ್ತವಲ್ಲ, ಆ ಸಣ್ಣ ಸಣ್ಣ ಮರಳಿನ ಅಲೆಗಳು? ಒಂದೂ ಇಲ್ಲ. ಹುಡುಗ ಜಾಲಿ ಮೂಡಲ್ಲಿ ಜೀಪ್ ಸವಾರಿ ಮಾಡಿ ಬಂದು ವಾಂತಿ ಮಾಡಿಕೊಂಡ. ಅವ್ವ ಮಾತ್ರ ಒಂಟೆಯ ಮುಖ ಸವರುತ್ತಾ ಒಂದು ಗಂಟೆ ಕೂತಿದ್ದಳು. "ನೋಡು, ಮೂಗಿಗೆ ಬಾಗಿಲು ಐತೆ ಇದಕ್ಕೆ." ನಿಜ. ಮರಳು ಹಾರಿದಾಗ ಒಂಟೆ ಮೂಗಿನ ಹೊಳ್ಳೆ ಮುಚ್ಚಿಕೊಳ್ಳುತ್ತದೆ.

ಒಂಟೆಯವನಿಗೆ ಅವ್ವನ ಮೇಲೆ ಪ್ರೀತಿ ಬಂತು ಅನ್ನಿಸುತ್ತೆ. ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ: "ಮಾಜೀನ ಖುರಿ ಕಡೆ ಕರ್ಕೊಂಡು ಹೋಗಿ ಭಾಯ್‌ಸಾ. ಅಲ್ಲಿ ಧೋರಾಗಳು ಇನ್ನೂ ಉಸಿರಾಡ್ತಾ ಇವೆ." ಧೋರಾ ಅಂದರೆ ಅವರ ಭಾಷೆಯಲ್ಲಿ ಮರಳ ದಿಬ್ಬ.

ಮೂರನೇ ದಿನ: ಖುರಿಯ ಗಾಳಿ

ಖುರಿ ಜೈಸಲ್ಮೇರ್‌ನಿಂದ ನೈಋತ್ಯಕ್ಕೆ ಸುಮಾರು 50 ಕಿ.ಮೀ. ಮಣ್ಣಿನ ಗೋಡೆ, ಹುಲ್ಲಿನ ಸೂರು, ಗೋಡೆ ಮೇಲೆ ಬಿಳಿ ಚಿತ್ತಾರ ಇರುವ ಮನೆಗಳ ಊರು. ಒಂದು ಮನೆಯವರೇ ನಡೆಸುವ ನಾಲ್ಕು ಗುಡಿಸಲಿನ ತಂಗುದಾಣ ಸಿಕ್ಕಿತು. ಎಟಿಎಂ ನಂಬಿಕೊಂಡು ಹೋಗಬೇಡಿ, ನಗದು ಇಟ್ಟುಕೊಂಡಿರಿ. ಊಟಕ್ಕೆ ಕಢಿ, ಗಟ್ಟೆ ಪಲ್ಯ, ಮತ್ತೆ ಅದೇ ಸಜ್ಜೆ ರೊಟ್ಟಿ. ಮನೆಯೊಡತಿಗೂ ಅವ್ವನಿಗೂ ಭಾಷೆಯೇ ಇಲ್ಲದೆ ರೊಟ್ಟಿ ಬಡಿಯುವ ಬಗ್ಗೆ ಅರ್ಧ ಗಂಟೆ ಮಾತುಕತೆ ಆಯಿತು.

ಮೂರು ಗಂಟೆಗೆ ಗಾಳಿ ಎದ್ದಿತು. ಬಿರುಗಾಳಿಯೇನಲ್ಲ. ತೆಂಗಿನಗರಿ ಚೆನ್ನಾಗಿ ತೂಗುವಷ್ಟು, ಅಷ್ಟೇ. ಮನೆಯ ಯಜಮಾನ, "ಈಗ ಹೋದ್ರೆ ಕಣ್ಣಿಗೆ ಮರಳು, ಸಂಜೆ ಹೋಗಿ" ಅಂದರು. ಆದರೆ ನನಗೆ ಯಾಕೋ ಆಗಲೇ ಹೋಗಬೇಕು ಅನ್ನಿಸಿತು. ಒಂಟೆಯ ಹಗ್ಗ ಹಿಡಿದು ಅವರ ಅಣ್ಣ ಬಂದರು, ಅರವತ್ತರ ಆಸುಪಾಸಿನ ಮನುಷ್ಯ, ತಲೆಗೆ ಕೇಸರಿ ಮುಂಡಾಸು. ಒಂಟೆ ಮೇಲೆ ಅವ್ವ. ನಾವಿಬ್ಬರು ನಡೆದು.

ಧೋರಾ ಹತ್ತಿ ನಿಂತಾಗ ಮೊದಲು ತಿಳಿದದ್ದು ಕಣ್ಣಿಗಲ್ಲ, ಕಾಲಿಗೆ. ಗಿಣ್ಣಿನ ಸುತ್ತ ಸೂಜಿ ಚುಚ್ಚಿದ ಹಾಗೆ. ಮುಖಕ್ಕೆ ಏನೂ ಇಲ್ಲ. ಕೆಳಗೆ ನೋಡಿದರೆ ನೆಲವೇ ಹರಿಯುತ್ತಿದೆ. ಮೊಣಕಾಲಿನ ಕೆಳಗೆ ತೆಳು ಹೊಗೆಯಂಥ ಮರಳಿನ ಹಾಳೆ ಸರ್ರನೆ ಹೋಗುತ್ತಿದೆ, ಮೇಲೆ ಆಕಾಶ ನೀಲಿಯಾಗಿಯೇ ಇದೆ. ಹಾಳೆಯ ಕೆಳಗೆ ಇಡೀ ದಿಬ್ಬದ ಮೈಗೆ ನಿರಿಗೆ ಹಾಕಿದ ಹಾಗೆ ಗೆರೆಗಳು. ಸಮ್‌ನಲ್ಲಿ ಕಾಣದ್ದು ಇಲ್ಲಿ ಸಾವಿರ, ಲಕ್ಷ.

"ನನ್ನ ಹೊಸ ಸೀರೆ!" ಅಂದಳು ಅವ್ವ ಒಂಟೆ ಮೇಲಿಂದ.

ಒಂಟೆಯ ಯಜಮಾನರಿಗೆ ತಿಳಿಯದಿದ್ದರೂ ಕೈ ತೋರಿಸಿದ ಕಡೆ ನೋಡಿ ಹೇಳಿದರು, "ಲಹರಿಯಾ."

ಸೈಟಿನವನ ಜೇಬಲ್ಲಿ ಟೇಪು ಇದ್ದೇ ಇರುತ್ತದೆ. ಹೊಟ್ಟೆ ಮೇಲೆ ಮಲಗಿದೆ. ಒಂದು ನಿರಿಗೆಯ ನೆತ್ತಿಯಿಂದ ಮುಂದಿನ ನೆತ್ತಿಗೆ 9 ಸೆಂ.ಮೀ. ಪಕ್ಕದ್ದು 8, ಅದರ ಪಕ್ಕದ್ದು 10. ಎತ್ತರ ಮಾತ್ರ ಬರೀ 5 ಮಿ.ಮೀ. ದೂರದಿಂದ ಅಷ್ಟು ಎದ್ದು ಕಾಣುವುದೆಲ್ಲ ಬಿಸಿಲಿನ ಆಟ. ಗಾಳಿಗೆ ಎದುರಾದ ಬದಿ ಸಲೀಸು ಇಳಿಜಾರು, ಹಿಂದಿನ ಬದಿ ಗಕ್ಕನೆ ಇಳಿಯುತ್ತದೆ.

ಹುಡುಗ ಭೂತಗನ್ನಡಿ ತಂದಿದ್ದ. ನೆತ್ತಿಯಿಂದ ಒಂದು ಚಿಟಿಕೆ ಎಡ ಅಂಗೈಗೆ, ತಗ್ಗಿನಿಂದ ಒಂದು ಚಿಟಿಕೆ ಬಲ ಅಂಗೈಗೆ ಹಾಕಿದೆ. ಭೂತಗನ್ನಡಿ ಬೇಕಾಗಲೇ ಇಲ್ಲ. ಎಡಗೈಯಲ್ಲಿ ರವೆ, ಬಲಗೈಯಲ್ಲಿ ಹಿಟ್ಟು. ಸ್ವಲ್ಪ ಉತ್ಪ್ರೇಕ್ಷೆ ಆಯಿತು, ಆದರೆ ಉಜ್ಜಿದರೆ ಬೆರಳಿಗೆ ಗೊತ್ತಾಗುವಷ್ಟು ವ್ಯತ್ಯಾಸ. ನನಗೆ ವಿಚಿತ್ರ ಅನ್ನಿಸಿತು. ಸೈಟಿನಲ್ಲಿ ಲಾರಿಯಿಂದ ರಾಶಿ ಸುರಿದರೆ ದಪ್ಪ ಕಾಳು ಉರುಳಿ ಬುಡಕ್ಕೆ ಸೇರುತ್ತದೆ, ಸಣ್ಣದು ಮೇಲೆ ಉಳಿಯುತ್ತದೆ. ಇಲ್ಲಿ ತಿರುಗುಮುರುಗು. ದಪ್ಪದ್ದು ಏಣಿ ಹತ್ತಿ ನೆತ್ತಿ ಮೇಲೆ ಕೂತಿದೆ. ಯಾರು ಹತ್ತಿಸಿದರು?

ಅದಕ್ಕೆ ಕೆನ್ನೆ ಮರಳಿಗೆ ಹಚ್ಚಿ, ಕಣ್ಣು ಕಿರಿದು ಮಾಡಿ, ಸೂರ್ಯನ ಕಡೆ ಮುಖ ಮಾಡಿ ನೋಡಬೇಕು. ಕನ್ನಡಕ ಇದ್ದರೆ ಒಳ್ಳೆಯದು, ನನ್ನದು ಅವತ್ತೇ ಗೀರಾಯಿತು. ನೋಡಿದರೆ ಮರಳು ಒಂದೇ ಥರ ಓಡುತ್ತಿಲ್ಲ. ಮೂರು ಥರ ಓಡುತ್ತಿದೆ. ತೀರಾ ನುಣುಪಾದ ಧೂಳು ಎದ್ದರೆ ಎದ್ದಿತು, ಮತ್ತೆ ಇಳಿಯುವ ಮಾತಿಲ್ಲ. ಥಾರ್‌ನ ಧೂಳು ದೆಹಲಿ ದಾಟಿ ಗಂಗೆಯ ಬಯಲಿಗೆ ಹೋಗುವುದು ಹೀಗೇ. ಎರಡನೆಯದು ನಡುಗಾತ್ರದ ಕಾಳು, ಕಾಲು ಮಿಲಿಮೀಟರ್ ಆಸುಪಾಸಿನದು. ಇವು ಹಾರಲಾರವು, ಜಿಗಿಯುತ್ತವೆ. ಹುರಿಯುವ ಬಾಣಲೆಯಲ್ಲಿ ಸಾಸಿವೆ ಸಿಡಿಯುತ್ತದಲ್ಲ, ಹಾಗೆ ಮೇಲೆದ್ದು, ಗಾಳಿಯಲ್ಲಿ ವೇಗ ಹಿಡಿದು, ಮುಂದೆ ಓರೆಯಾಗಿ ಬಂದು ಬಡಿಯುತ್ತವೆ. ಬಡಿದ ಕಡೆ ಇನ್ನೂ ನಾಲ್ಕು ಕಾಳು ಎಬ್ಬಿಸುತ್ತವೆ. ಕಾಲಿಗೆ ಚುಚ್ಚುತ್ತಿದ್ದವು ಇವೇ. ಮೂರನೆಯದು ದಪ್ಪ ಕಾಳು. ಅವನ್ನು ಗಾಳಿ ಎತ್ತಲಾರದು. ಆದರೆ ಜಿಗಿದು ಬಂದ ಕಾಳು ಬೆನ್ನಿಗೆ ಗುದ್ದಿದಾಗಲೆಲ್ಲ ಒಂದು ಹೆಜ್ಜೆ ಮುಂದೆ ಉರುಳುತ್ತವೆ. ಕೇರಂ ಬೋರ್ಡಿನಲ್ಲಿ ಸ್ಟ್ರೈಕರ್ ತಾಗಿದ ಪಾನಿನ ಹಾಗೆ, ಆದರೆ ಅಷ್ಟು ದೂರ ಅಲ್ಲ.

ನಿರಿಗೆಯ ಎದುರುಬದಿಗೆ ಗುದ್ದು ಜಾಸ್ತಿ ಬೀಳುತ್ತದೆ, ಯಾಕೆಂದರೆ ಕಾಳುಗಳು ಬರುವುದು ನೆಲಕ್ಕೆ ಬಹಳ ಓರೆಯಾಗಿ, 10–15 ಡಿಗ್ರಿಯಲ್ಲಿ. ಹಿಂಬದಿ ಮರೆಯಲ್ಲಿರುತ್ತದೆ, ಅಲ್ಲಿಗೆ ಗುದ್ದು ತಲುಪುವುದೇ ಕಡಿಮೆ. ದಪ್ಪ ಕಾಳು ಗುದ್ದಿಸಿಕೊಂಡು ಗುದ್ದಿಸಿಕೊಂಡು ಏರು ಹತ್ತುತ್ತದೆ. ನೆತ್ತಿ ತಲುಪಿ ಆಚೆ ಹೊರಳಿತೋ, ತಳ್ಳುವವರು ಇಲ್ಲ. ಅಲ್ಲೇ ಕೂರುತ್ತದೆ. ಸಣ್ಣದು ಜಿಗಿದು ಮುಂದೆ ಹೋಗಿರುತ್ತದೆ. ಹಾಗಾಗಿ ನೆತ್ತಿಯಲ್ಲಿ ದಪ್ಪದ್ದು.

ಇದನ್ನೆಲ್ಲ ಅಲ್ಲೇ ಮಲಗಿ ಕಂಡುಹಿಡಿದೆ ಅಂದರೆ ಸುಳ್ಳಾಗುತ್ತದೆ. ರೈಲಿನಲ್ಲಿ ಹುಡುಗ ರಾಲ್ಫ್ ಬ್ಯಾಗ್ನೋಲ್ಡ್ ಬಗ್ಗೆ ಓದಿ ಹೇಳಿದ್ದ. ಬ್ರಿಟಿಷ್ ಸೈನ್ಯದ ಎಂಜಿನಿಯರ್. 1920ರ ದಶಕದ ಕೊನೆಯಿಂದ ರಜೆ ಸಿಕ್ಕಾಗಲೆಲ್ಲ ಫೋರ್ಡ್ ಕಾರು ತಗೊಂಡು ಈಜಿಪ್ಟ್, ಲಿಬಿಯಾ ಕಡೆಯ ಮರುಭೂಮಿಗೆ ನುಗ್ಗುತ್ತಿದ್ದ ಆಸಾಮಿ. ಆಮೇಲೆ ಲಂಡನ್ನಿನಲ್ಲಿ ಕೈಯಾರೆ ಗಾಳಿ ಸುರಂಗ ಕಟ್ಟಿ, ಅದರೊಳಗೆ ಮರಳು ಹಾಕಿ ಊದಿ ನೋಡಿ, 1941ರಲ್ಲಿ ಪುಸ್ತಕ ಬರೆದ. ಜಿಗಿಯುವ ಒಂದು ಕಾಳು ತನಗಿಂತ ಆರು ಪಟ್ಟು ದಪ್ಪ, ಅಂದರೆ 200 ಪಟ್ಟಿಗೂ ಜಾಸ್ತಿ ತೂಕದ ಕಾಳನ್ನು ಗುದ್ದಿ ಸರಿಸಬಲ್ಲದು ಅನ್ನುವುದು ಅವನ ಲೆಕ್ಕ. ರೈಲಿನಲ್ಲಿ ಕೇಳಿ ಆಕಳಿಸಿದ್ದೆ.

ಆದರೆ ಒಂದು ವಿಷಯ ನಾನೇ ಮಾಡಿ ನೋಡಿದೆ. ಬುತ್ತಿ ತಂದಿದ್ದ ಸ್ಟೀಲ್ ತಟ್ಟೆಯ ಅಂಚಿನಿಂದ ಒಂದು ಚಾಪೆಯಷ್ಟು ಜಾಗ ಸವರಿ ಚಪ್ಪಟೆ ಮಾಡಿದೆ, ಪ್ಲಾಸ್ಟರಿಂಗ್ ಮಾಡಿದ ಹಾಗೆ. "ಉಣ್ಣೋ ತಟ್ಟೇಲಿ ಮಣ್ಣಾಟ ಆಡ್ತೀಯಲ್ಲೋ, ನಲವತ್ತು ದಾಟಿದೆ ನಿಂಗೆ" ಅಂತ ಅವ್ವ ಬೈದಳು. ಎರಡು ನಿಮಿಷಕ್ಕೆ ಚಪ್ಪಟೆ ಜಾಗದ ಮೈ ನಡುಗಿದ ಹಾಗೆ ಕಂಡಿತು. ಐದು ನಿಮಿಷಕ್ಕೆ ಎರಡು ಬೆರಳು ಅಂತರದ ಪುಟ್ಟ ಸುಕ್ಕುಗಳು. ಆಮೇಲೆ ನಡೆದದ್ದು ಮಜಾ. ಸಣ್ಣ ಸುಕ್ಕುಗಳು ಬೇಗ ನಡೆಯುತ್ತವೆ, ತುಸು ದೊಡ್ಡವು ನಿಧಾನ. ಸಣ್ಣದು ಹಿಂದಿನಿಂದ ಬಂದು ದೊಡ್ಡದನ್ನು ಹಿಡಿದು ಅದರೊಳಗೆ ಕರಗಿಹೋಗುತ್ತದೆ. ಒಂದು ಗೆರೆ ಎರಡಾಗಿ ಸೀಳಿ 'ವೈ' ಅಕ್ಷರದ ಹಾಗೆ ಕವಲೊಡೆಯುತ್ತದೆ, ಕವಲು ಜಾರಿ ಪಕ್ಕದ ಗೆರೆಗೆ ಸೇರುತ್ತದೆ. ಅರ್ಧ ಗಂಟೆಗೆ ನಾನು ಸವರಿದ ಜಾಗ ಯಾವುದು ಅಂತ ಹುಡುಕಬೇಕಾಯಿತು. ಒಂದು ಕಾಳು ಜಿಗಿಯುವಷ್ಟು ದೂರವೇ ಎರಡು ನಿರಿಗೆಯ ಅಂತರ ಅಂತ ಬ್ಯಾಗ್ನೋಲ್ಡ್ ಅಂದುಕೊಂಡಿದ್ದ. ಆಮೇಲಿನವರು ಅದು ಹಾಗಲ್ಲ, ಸಣ್ಣವು ಕೂಡಿ ಕೂಡಿ ದೊಡ್ಡವಾಗುತ್ತವೆ ಅಂದರು. ತಟ್ಟೆಯ ಸಾಕ್ಷಿ ಇರುವುದರಿಂದ ನಾನು ಆಮೇಲಿನವರ ಕಡೆ.

ಬೆಂಕಿಕಡ್ಡಿ ನೆಟ್ಟು ಒಂದು ನೆತ್ತಿ ಎಷ್ಟು ಸರಿಯುತ್ತದೆ ಅಂತಲೂ ನೋಡಿದೆವು. ಹತ್ತು ನಿಮಿಷಕ್ಕೆ ನಾಲ್ಕು ಬೆರಳು. ಅಷ್ಟು ಹೊತ್ತು ಮಲಗಿದ್ದವನ ಎಡಕಿವಿಯೊಳಗೆ ಒಂದು ದಿಬ್ಬ ಏಳುತ್ತಿತ್ತು.

ಅವ್ವ ಒಂಟೆಯಿಂದ ಇಳಿದು, ಸೆರಗನ್ನು ಮೂಗಿಗೆ ಕಟ್ಟಿಕೊಂಡು, ನನ್ನ ಪಕ್ಕ ಕುಕ್ಕುರುಗಾಲಲ್ಲಿ ಕೂತಳು. ಸ್ವಲ್ಪ ಹೊತ್ತು ಸುಮ್ನೆ ನೋಡಿದಳು. ಆಮೇಲೆ, "ಇದು ಕೇರೋದು ಕಣೋ" ಅಂದಳು. "ಮೊರದಾಗೆ ಕೇರಿದ್ರೆ ಹೊಟ್ಟು ಹಾರುತ್ತೆ, ನುಚ್ಚು ಒಂದು ಕಡೆ ಹೋಗುತ್ತೆ, ಕಾಳು ಒಂದು ಕಡೆ ನಿಲ್ಲುತ್ತೆ. ಇಲ್ಲಿ ಮೊರ ಕಾಣಲ್ಲ, ಅಷ್ಟೇ." ನಾನು ಐದು ಪ್ಯಾರಾ ತಗೊಂಡದ್ದನ್ನು ಅವಳು ಮೂರು ಮಾತಲ್ಲಿ ಮುಗಿಸಿದಳು. ಗಾಳಿ ಬಂದಾಗ ತೂರಿಕೋ ಅನ್ನೋ ಗಾದೆ ಗೊತ್ತಿರೋ ಮನೆಯಲ್ಲಿ ಹುಟ್ಟಿಯೂ ನನಗೆ ಹೊಳೆದಿರಲಿಲ್ಲ.

ಅನಾಹುತ ರಾತ್ರಿ ಊಟಕ್ಕೆ ಆಯಿತು. ದಿಬ್ಬದ ಬುಡದಲ್ಲಿ ನಕ್ಷತ್ರ ನೋಡುತ್ತಾ ಊಟ ಅಂತ ನಾನೇ ಹೇಳಿದ್ದೆ. ಗಾಳಿ ನಿಂತಿರಲಿಲ್ಲ. ಚಾಪೆ ಹಾಸಿ ಕೂತೆವು, ತಪ್ಪಾಯಿತು. ಮರಳು ಓಡುವುದೇ ಮೊಣಕಾಲಿನ ಕೆಳಗೆ, ತಟ್ಟೆ ಇಟ್ಟದ್ದೂ ಅಲ್ಲೇ. ಮೊದಲ ತುತ್ತಿಗೇ ಕರಕರ. ಯಜಮಾನರು ಓಡಿ ಹೋಗಿ ಎರಡು ಹಗ್ಗದ ಮಂಚ ತಂದರು. ಮಂಚದ ಮೇಲೆ ಕೂತು, ತಟ್ಟೆಯನ್ನು ಎದೆಯ ಹತ್ತಿರ ಹಿಡಿದು ಉಂಡಾಗ ಕರಕರ ಕಡಿಮೆಯಾಯಿತು. ಮರುಭೂಮಿಯವರು ಮಂಚವನ್ನು ಅಂಗಳದಲ್ಲಿ ಇಟ್ಟುಕೊಳ್ಳುವುದು ಸೊಗಸಿಗಲ್ಲ ಅಂತ ಆಗ ತಿಳಿಯಿತು. ದಾಲ್ ಮಾತ್ರ ನಾಯಿಗೆ ಹೋಯಿತು. ನಾಯಿಯೂ ಮೂಸಿ ಬಿಟ್ಟಿತು.

ನಾಲ್ಕನೇ ದಿನ: ಬೆಳಗಿನ ಓದು

ಐದು ಗಂಟೆಗೇ ಎದ್ದೆ. ಗಾಳಿ ಸತ್ತಿತ್ತು, ಚಳಿ ಇತ್ತು, ಸ್ವೆಟರ್ ತರಲಿಲ್ಲ ಅಂತ ಬೈದುಕೊಂಡೆ. ಹಗಲು 35 ಡಿಗ್ರಿ ಇದ್ದರೂ ಮಾರ್ಚ್‌ನಲ್ಲಿ ಬೆಳಗಿನ ಜಾವಕ್ಕೆ ಒಂದು ಶಾಲು ಬೇಕೇ ಬೇಕು.

ನಿರಿಗೆ ನೋಡುವುದಾದರೆ ಇದೇ ಹೊತ್ತು. ಸೂರ್ಯ ಇನ್ನೂ ನೆಲಕ್ಕೆ ಅಂಟಿಕೊಂಡಿರುತ್ತಾನೆ, ಅರ್ಧ ಸೆಂಟಿಮೀಟರ್ ಎತ್ತರದ ಗೆರೆಗೂ ಉದ್ದ ನೆರಳು ಬೀಳುತ್ತದೆ. ರಾತ್ರಿ ಗಾಳಿ ನಿನ್ನೆಯ ಹೆಜ್ಜೆಗಳನ್ನೆಲ್ಲ ಅಳಿಸಿತ್ತು. ಹೊಸ ಹಾಳೆಯ ಮೇಲೆ ದುಂಬಿಯೊಂದು ಝಿಪ್ ಹೊಲಿದ ಹಾಗೆ ನಡೆದು ಹೋದ ಗುರುತು. ಸ್ವಲ್ಪ ಆಚೆ ಒಂದು ಹಾವಿನದು, ಓರೆ ಓರೆ ತುಂಡು ಗೆರೆಗಳು. ಹುಡುಗ ಅದರ ಬೆನ್ನು ಹತ್ತಿ ಹೊರಟಿದ್ದ, ಒಂಟೆಯ ಯಜಮಾನರು ಕಾಲರ್ ಹಿಡಿದು ಎಳೆದರು.

ಅವರು ನೆಲ ಓದುವುದು ನೋಡಬೇಕು. ನಿರಿಗೆಯ ಕಡಿದಾದ ಬದಿ ಯಾವ ಕಡೆ ಇದೆಯೋ ಗಾಳಿ ಆ ಕಡೆ ಹೋಗಿದೆ ಅಂತ ಲೆಕ್ಕ. "ಮಧ್ಯರಾತ್ರಿವರೆಗೂ ನೈಋತ್ಯದಿಂದ ಬೀಸಿದೆ. ಆಮೇಲೆ ಸ್ವಲ್ಪ ತಿರುಗಿದೆ, ಆದ್ರೆ ಜೋರಿರ್ಲಿಲ್ಲ." ಯಾಕೆ ಅಂದೆ. ಹಳೆಯ ನಿರಿಗೆಯ ಬೆನ್ನ ಮೇಲೆ ಅಡ್ಡಡ್ಡ ಬಿದ್ದ ಕೂದಲಿನಷ್ಟು ಸಣ್ಣ ಗೆರೆಗಳನ್ನು ಕೋಲಿನ ತುದಿಯಲ್ಲಿ ತೋರಿಸಿದರು. ಅವರು ಹೇಳಿದ ಮೇಲೆ ಕಂಡಿತು.

ಮೇಕೆಯ ಹಿಕ್ಕೆ ಬಿದ್ದ ಕಡೆಯೆಲ್ಲ ಅದರ ಹಿಂದೆ ಮರಳಿನ ಪುಟ್ಟ ಬಾಲ. ಸೇವಣ್ ಹುಲ್ಲಿನ ಬುಡಕ್ಕೆ ದೊಡ್ಡ ಬಾಲ. ಎಕ್ಕದ ಗಿಡದ ಹಿಂದೆ ಒಂದು ಮಂಚದಷ್ಟು ದಿಬ್ಬವೇ ಕೂತಿತ್ತು. ಎಲ್ಲ ಬಾಲಗಳೂ ಒಂದೇ ದಿಕ್ಕಿಗೆ. "ಹುಲ್ಲು ಇದ್ದಲ್ಲಿ ಮರಳು ಮಲಗುತ್ತೆ" ಅಂದರು ಅವರು. "ಹುಲ್ಲು ಕಿತ್ತರೆ ಎದ್ದು ನಡೆಯುತ್ತೆ. ನಮ್ಮ ಅಪ್ಪನ ಕಾಲಕ್ಕೆ ಈ ಧೋರಾ ಆ ಖೇಜಡಿ ಹತ್ತಿರ ಇತ್ತು." ತೋರಿಸಿದ ಮರ ಒಂದು ಕಲ್ಲೆಸೆತದ ದೂರದಲ್ಲಿತ್ತು.

ನನಗೆ ತಲಕಾಡು ನೆನಪಾಯಿತು. ಕಾವೇರಿ ದಂಡೆಯ ಮರಳು ಗಾಳಿಗೆ ಹಾರಿ ದೇವಸ್ಥಾನಗಳನ್ನೇ ಮುಚ್ಚಿದ ಊರು. ನಾವು ಅದನ್ನು ಅಲಮೇಲಮ್ಮನ ಶಾಪ ಅಂತ ಕೇಳಿ ಬೆಳೆದವರು. ಈ ಕಥೆ ಹೇಳಿದಾಗ ಅವರು ತಲೆಯಾಡಿಸಿ, "ಶಾಪ ಹಾಕಿದವಳು ಗಾಳಿನೂ ಜೊತೆಗೆ ಕಳಿಸಿರ್ತಾಳೆ" ಅಂದರು.

ದಿಬ್ಬ ಇಳಿದು ಬುಡದ ಗಟ್ಟಿ ನೆಲಕ್ಕೆ ಬಂದಾಗ ಇನ್ನೊಂದು ಥರದ್ದು ಸಿಕ್ಕಿತು. ಇಲ್ಲಿ ನಿರಿಗೆಗಳು ದೊಡ್ಡವು, ನನ್ನ ಹೆಜ್ಜೆಗಿಂತ ಅಗಲ, ಗೇಣಿನ ಅರ್ಧ ಎತ್ತರ. ನೆತ್ತಿಯ ಮೇಲೆ ಹೆಚ್ಚೂಕಡಿಮೆ ರಾಗಿ ಕಾಳಿನಷ್ಟು ದಪ್ಪ ಹರಳು ಒತ್ತಾಗಿ ಕೂತಿತ್ತು, ಸ್ಲ್ಯಾಬ್ ಮೇಲೆ ಸಣ್ಣ ಜಲ್ಲಿ ಹರಡಿದ ಹಾಗೆ. ಆ ಹರಳಿನ ಹೊದಿಕೆಯೇ ಅದಕ್ಕೆ ರಕ್ಷೆ. ಸಣ್ಣ ಮರಳಿನ ನೆತ್ತಿ ಸ್ವಲ್ಪ ಎತ್ತರ ಆದರೂ ಮೇಲಿನ ಜೋರು ಗಾಳಿ ಕೊಚ್ಚಿಬಿಡುತ್ತದೆ. ಇದನ್ನು ಕೊಚ್ಚಲಾರದು, ಹಾಗಾಗಿ ಬೆಳೆಯುತ್ತಾ ಹೋಗುತ್ತದೆ. ಮಂಗಳನಲ್ಲೂ ಮರಳಿನ ನಿರಿಗೆಗಳಿವೆಯಂತೆ. ಕ್ಯೂರಿಯಾಸಿಟಿ ರೋವರ್ ಹತ್ತಿರ ಹೋಗಿ ನೋಡಿದ ಅಲ್ಲಿನ ದಿಬ್ಬಗಳಿಗೆ ಬ್ಯಾಗ್ನೋಲ್ಡ್‌ನದೇ ಹೆಸರು ಇಟ್ಟಿದ್ದಾರೆ ಅಂತ ಹುಡುಗ ಅಂದ. ಅವ್ವ ಆಕಾಶದ ಕಡೆ ನೋಡಿ, "ಅಲ್ಲೂ ಒಂಟೆ ಐತಾ?" ಅಂದಳು.

ಹನ್ನೊಂದಕ್ಕೆ ಹೊರಟೆವು. ಊರಾಚೆ ಟಾರು ರಸ್ತೆಯ ಅರ್ಧಕ್ಕೆ ರಾತ್ರಿಯ ಮರಳು ನಾಲಿಗೆ ಚಾಚಿತ್ತು. ಡ್ರೈವರ್ ಜೋರಲ್ಲಿ ದಾಟಿಬಿಡ್ತೀನಿ ಅಂದ, ನಟ್ಟ ನಡುವೆ ಹೂತ. ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ಕೆಳಕ್ಕೆ. ಆ ದಾರಿಯಲ್ಲಿ ಬಂದ ಹಾಲಿನ ಜೀಪಿನ ಹುಡುಗ ಇಳಿದು, ಮಾತೇ ಆಡದೆ, ನಾಲ್ಕೂ ಟೈರಿನ ಗಾಳಿ ಅರ್ಧ ಬಿಟ್ಟ. ಟೈರು ಒಂಟೆ ಪಾದದ ಹಾಗೆ ಅಗಲ ಆಯಿತು, ಕಾರು ಮೆಲ್ಲಗೆ ಈಚೆ ಬಂತು. ಬ್ಯಾಗ್ನೋಲ್ಡ್ ಕೂಡ ತನ್ನ ಫೋರ್ಡ್‌ಗಳಿಗೆ ಇದನ್ನೇ ಮಾಡುತ್ತಿದ್ದ ಅಂತ ಹುಡುಗ ಹಿಂದಿನ ಸೀಟಿನಿಂದ ಪಾಠ ಶುರು ಮಾಡಿದ. ಅಲ್ಲಿಂದ ಪಂಕ್ಚರ್ ಅಂಗಡಿವರೆಗೆ ಎತ್ತಿನಗಾಡಿ ವೇಗದಲ್ಲಿ ಹೋದೆವು. ಈ ಕಡೆ ಬರುವವರು ಕಾರಿನಲ್ಲಿ ಒಂದು ಸಣ್ಣ ಗಾಳಿ ಪಂಪು ಇದೆಯಾ ಅಂತ ಕೇಳಿಕೊಂಡೇ ಹತ್ತಿ.

ಐದನೇ ದಿನ, ಮತ್ತೆ ಆಮೇಲೆ

ಜೋಧಪುರದಲ್ಲಿ ರೈಲಿಗೆ ನಾಲ್ಕು ಗಂಟೆ ಸಮಯವಿತ್ತು. ಅಲ್ಲಿ ಕೇಂದ್ರ ಶುಷ್ಕ ವಲಯ ಸಂಶೋಧನಾ ಸಂಸ್ಥೆ ಇದೆ, 1959ರಿಂದ. ಓಡಾಡುವ ದಿಬ್ಬಗಳನ್ನು ನಿಲ್ಲಿಸುವುದು ಅವರ ಹಳೆಯ ಕೆಲಸಗಳಲ್ಲಿ ಒಂದು. ಒಣ ಮುಳ್ಳುಕಂಟಿಯನ್ನು ಗಾಳಿಗೆ ಅಡ್ಡಲಾಗಿ ಸಾಲು ಸಾಲು ನೆಟ್ಟು, ಮರೆಯಲ್ಲಿ ಸಸಿ ಹಾಕಿ ಬೆಳೆಸುತ್ತಾರೆ. ಮೇಕೆ ಹಿಕ್ಕೆಯ ಬಾಲದ್ದೇ ದೊಡ್ಡ ರೂಪ. ಒಳಗೆ ಹೋಗಿ ನೋಡುವ ಆಸೆ ಇತ್ತು, ಭಾನುವಾರವಾಗಿತ್ತು. ಅದರ ಬದಲು ಮಖನಿಯಾ ಲಸ್ಸಿ ಕುಡಿದೆವು. ಚಮಚದಲ್ಲಿ ತಿನ್ನುವಷ್ಟು ಗಟ್ಟಿ.

ರೈಲಿನಲ್ಲಿ ನನ್ನ ಫೋನು ಚಾರ್ಜ್ ಆಗಲಿಲ್ಲ. ಅಂಗಿ ಜೇಬಲ್ಲಿ ಇಟ್ಟದ್ದು, ಚಾರ್ಜರ್ ತೂತಿಗೆ ಧೂಳು ತುಂಬಿತ್ತು. ಹುಡುಗ ತನ್ನದನ್ನು ಮೊದಲ ದಿನದಿಂದಲೂ ಅವ್ವನ ಹುಣಸೆಹಣ್ಣಿನ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟುಕೊಂಡಿದ್ದ. ನೀವೂ ಹಾಗೇ ಮಾಡಿ. ಹುಣಸೆ ತೆಗೆದು.

ಮನೆಗೆ ಬಂದು ಬಟ್ಟೆ ಒಗೆಯಲು ಹಾಕುವಾಗ ಹೆಂಡತಿ, "ಇದನ್ನ ಮಷಿನ್ನಿಗೆ ಹಾಕಿದ್ರೆ ಮಷಿನ್ ನಿಮ್ಮ ಸೈಟಿಗೆ" ಅಂದಳು. ಪ್ಯಾಂಟಿನ ಕಾಲು ಮಡಿಚಿದ್ದೆನಲ್ಲ, ಆ ಮಡಿಕೆಯಲ್ಲಿ ಎರಡು ಚಮಚ ಮರಳು. ಅಂಗಿ ಜೇಬನ್ನು ತಿರುವಿದರೆ ಅರ್ಧ ಚಮಚ. ಎರಡನ್ನೂ ಬೇರೆ ಬೇರೆ ಕಾಗದದಲ್ಲಿ ಪೊಟ್ಟಣ ಕಟ್ಟಿ, ರಜೆ ಮುಗಿದ ಮೇಲೆ ಸೈಟಿನ ಲ್ಯಾಬಿಗೆ ತಗೊಂಡು ಹೋದೆ. ಜರಡಿಗಳನ್ನು ಒಂದರ ಮೇಲೊಂದು ಜೋಡಿಸಿದ್ದಾಯಿತು: ಮೇಲಿನದರ ತೂತು 600 ಮೈಕ್ರಾನ್, ಅಂದರೆ 0.6 ಮಿ.ಮೀ., ಆಮೇಲೆ 300, 150, 75, ಕೆಳಗೆ ತಟ್ಟೆ.

ಪ್ಯಾಂಟಿನದು ಮೊದಲು. 600ರ ಮೇಲೆ ಎಣಿಸುವಷ್ಟು ಹರಳು ನಿಂತವು. ಉಳಿದದ್ದು ಬಹುಪಾಲು 300 ಮತ್ತು 150ರಲ್ಲಿ ಹಂಚಿಕೊಂಡು ಕೂತಿತು. ಕೈಗೆ ಹಾಕಿಕೊಂಡರೆ ಗುಂಡಗುಂಡಗೆ, ಜಾರುತ್ತದೆ. ಅಷ್ಟೊಂದು ಕಾಲ ಒಂದನ್ನೊಂದು ಗುದ್ದಿ ಮೂಲೆಯೇ ಉಳಿದಿಲ್ಲ. ಕಾಂಕ್ರೀಟಿಗೆ ಇಂಥದ್ದು ಬರುವುದಿಲ್ಲ, ತೀರಾ ಸಣ್ಣ, ತೀರಾ ನುಣುಪು, ಹಿಡಿತ ಸಾಲದು. ಜರಡಿ ಒರೆಸಿ ಅಂಗಿ ಜೇಬಿನದು ಹಾಕಿದೆವು. 600, 300, 150 ಖಾಲಿ. 75ರಲ್ಲೂ ಒಂದು ಚೂರು. ಮಿಕ್ಕದ್ದೆಲ್ಲ ಸೀದಾ ಕೆಳಗಿನ ತಟ್ಟೆಗೆ, ಟಾಲ್ಕಂ ಪೌಡರಿನ ಹಾಗೆ.

ಲ್ಯಾಬಿನ ಹುಡುಗ ಎರಡನ್ನೂ ನೋಡಿ ರಿಜಿಸ್ಟರ್ ತೆರೆದ. "ಎರಡು ಬೇರೆ ಬೇರೆ ಲೋಡಾ ಸರ್?"

"ಒಂದೇ ಲೋಡು. ಇದು ಗಿಣ್ಣಿನ ಹತ್ತಿರದ್ದು, ಅದು ಎದೆಯ ಹತ್ತಿರದ್ದು."

ಅವನು ಪೆನ್ನು ಮುಚ್ಚಿ ಜೇಬಿಗೆ ಇಟ್ಟುಕೊಂಡ.